‘ಕೊಡಿ ಇಲ್ಲಿ’ ಎನ್ನದ ಮೇಷ್ಟ್ರು ಬೇಕು

2022ರ ಮೇ ತಿಂಗಳು. ಕೇರಳದ ಹೈಸ್ಕೂಲುಗಳಿಗೆ ಬೇಸಿಗೆ ರಜೆ. ಆದರೂ ಎಷ್ಟೋ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳು ತೆರೆದಿದ್ದವು. ಬೆಂಚುಗಳ ಮೇಲೆ ಅಮ್ಮಂದಿರು ಕೂತಿದ್ದರು. ಎದುರು ನಿಂತು ಪಾಠ ಹೇಳುತ್ತಿದ್ದವರು ಅವರದೇ ಮಕ್ಕಳ ವಯಸ್ಸಿನ ವಿದ್ಯಾರ್ಥಿಗಳು. ಒಟಿಪಿ ಅಂದರೇನು, ಅದನ್ನು ಯಾರಿಗೂ ಯಾಕೆ ಹೇಳಬಾರದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ನೋಡುವುದು ಹೇಗೆ, ದುಡ್ಡು ಹೊಡೆಯುವವರು ಯಾವ ದಾರಿಯಲ್ಲಿ ಬರುತ್ತಾರೆ ಎಂಬುದೇ ಪಾಠ. ಕಾರ್ಯಕ್ರಮದ ಹೆಸರು ‘ಅಮ್ಮ ಅರಿಯಾನ್’. ಮಲಯಾಳಂ ಸಿನಿಮಾ ಬಲ್ಲವರಿಗೆ ಜಾನ್ ಅಬ್ರಹಾಂ ಅವರ ಅದೇ ಹೆಸರಿನ 1986ರ ಚಿತ್ರ ನೆನಪಾಗದೇ ಇರದು. ಒಂದು ತಂಡದಲ್ಲಿ 30 ಅಮ್ಮಂದಿರು, ಅರ್ಧ ಗಂಟೆಯ ಐದು ಪಾಠ, ಪಾಠಕ್ಕೆ ಒಬ್ಬ ಶಿಕ್ಷಕರು ಮತ್ತು ನಾಲ್ವರು ವಿದ್ಯಾರ್ಥಿಗಳು. ಮೂರು ಲಕ್ಷ ಅಮ್ಮಂದಿರನ್ನು ಮುಟ್ಟಬೇಕೆಂಬುದು ಗುರಿಯಾಗಿತ್ತು.

ಆ ಮಕ್ಕಳನ್ನು ಹಿಂದಿನ ದಿನ ಕರೆದು ‘ನಾಳೆ ಬಂದು ಪಾಠ ಮಾಡ್ರಪ್ಪ’ ಎಂದು ಹೇಳಿ ನಿಲ್ಲಿಸಿದ್ದಲ್ಲ. ಅವರು ‘ಲಿಟ್ಲ್ ಕೈಟ್ಸ್’ ಎಂಬ ಶಾಲಾ ಐಟಿ ಕ್ಲಬ್ಬಿನ ಸದಸ್ಯರು. ಅದರ ಬೇರು ಹಳೆಯದು. 2001ರಲ್ಲಿ ಕೇರಳದಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರುವಾಯಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. 2018ರ ಜನವರಿಯಲ್ಲಿ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಘಟಕಗಳು ಹುಟ್ಟಿದವು. ಈಗ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿವೆ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಸೇರಬೇಕು, ಅನಿಮೇಷನ್, ಪ್ರೋಗ್ರಾಮಿಂಗ್, ಭಾಷಾ ಟೈಪಿಂಗ್, ಸೈಬರ್ ಸುರಕ್ಷತೆ ಕಲಿಯಬೇಕು, ಶಿಬಿರಗಳಿಗೆ ಹೋಗಬೇಕು. ಕಾಸರಗೋಡು, ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದ ಮಕ್ಕಳಿರುವ ಶಾಲೆಗಳಲ್ಲೂ ಈ ಘಟಕಗಳಿವೆ. ಅಂದರೆ ಈ ಮಾದರಿಯನ್ನು ನೋಡಲು ನಾವು ದೂರದ ದೇಶಕ್ಕೆ ಹೋಗಬೇಕಿಲ್ಲ, ಗಡಿಯ ತಲಪಾಡಿ ದಾಟಿದರೆ ಸಾಕು.

ದೂರದಲ್ಲೂ ನಡೆದಿದೆ, ಅದನ್ನೂ ಹೇಳಿಬಿಡೋಣ. ಕೆನಡಾದ ಟೊರಾಂಟೊದಲ್ಲಿ 2009ರಲ್ಲಿ ಹೈಸ್ಕೂಲಿನಲ್ಲಿದ್ದ ಅಕ್ಕತಂಗಿಯರಿಬ್ಬರು, ಇಂಟರ್ನೆಟ್ಟಿನಿಂದ ತಮ್ಮ ಅಜ್ಜ ಅಜ್ಜಿಗೆ ಆದ ಉಪಯೋಗ ಕಂಡು, ವೃದ್ಧಾಶ್ರಮಕ್ಕೆ ಹೋಗಿ ಕಂಪ್ಯೂಟರ್ ಕಲಿಸಲು ಶುರು ಮಾಡಿದರು. ಅವರ ಅಕ್ಕ ಸ್ಯಾಫ್ರನ್ ಕ್ಯಾಸಡೇ ಅದನ್ನು ‘ಸೈಬರ್ ಸೀನಿಯರ್ಸ್’ ಎಂಬ ಸಾಕ್ಷ್ಯಚಿತ್ರವಾಗಿ ಮಾಡಿದರು, 2014ರಲ್ಲಿ ಬಿಡುಗಡೆಯಾಯಿತು. ಈಗ ಅದೇ ಹೆಸರಿನ ಸಂಸ್ಥೆ ವಿದ್ಯಾರ್ಥಿಗಳಿಗೆ ಮೊದಲು ತರಬೇತಿ ಕೊಟ್ಟು, ಆಮೇಲೆ ಹಿರಿಯರ ಜೊತೆ ಜೋಡಿ ಮಾಡುತ್ತದೆ. ಸಿಂಗಪುರದಲ್ಲಿ ಸರ್ಕಾರವೇ ಶಾಲಾಮಕ್ಕಳನ್ನೂ ಹಿರಿಯರನ್ನೂ ಒಂದೇ ಮೇಜಿಗೆ ಕೂರಿಸಿ ಐಟಿ ಶಿಬಿರ ನಡೆಸುತ್ತ ಬಂದಿದೆ.

ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಕೆಲಸ ನೆಟ್ಟಗೆ ನಡೆದ ಕಡೆಯಲ್ಲೆಲ್ಲ ಮೊದಲು ತರಬೇತಿ ಸಿಕ್ಕಿದ್ದು ಹುಡುಗರಿಗೆ. ‘ಈಗಿನ ಮಕ್ಕಳಿಗೆ ಏನು ಹೇಳಿಕೊಡೋದು, ಹುಟ್ಟುತ್ತಲೇ ಮೊಬೈಲ್ ಹಿಡ್ಕೊಂಡೇ ಬಂದಿರ್ತಾವೆ’ ಎಂದು ನಾವು ಮೆಚ್ಚಿ ಆಡುವ ಮಾತಿದೆಯಲ್ಲ, ಅಲ್ಲೇ ತೊಡಕಿರುವುದು. ಮೊಬೈಲ್ ಬರುವುದಕ್ಕೂ ಮೊಬೈಲ್ ಕಲಿಸಲು ಬರುವುದಕ್ಕೂ ಸಂಬಂಧ ಕಡಿಮೆ. ಹದಿನಾರರ ಹುಡುಗ ಫೋನ್ ಬಳಸುವುದು ಈಜು ಬಲ್ಲವನು ನೀರಿನಲ್ಲಿ ಕೈಕಾಲು ಆಡಿಸಿದ ಹಾಗೆ. ಹೇಗೆ ಮಾಡಿದೆ ಎಂದು ಕೇಳಿದರೆ ಅವನಿಗೇ ಹೇಳಲು ಬಾರದು. ‘ಸುಮ್ನೆ ಒತ್ತಿ ಅಜ್ಜಿ, ಬರುತ್ತೆ’ ಎಂಬುದೇ ಅವನ ಪಾಠ. ಎಲ್ಲಿ ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು, ಒತ್ತಿದ ಮೇಲೆ ಏನು ಬರಬೇಕು, ಬೇರೇನಾದರೂ ಬಂದರೆ ಹಿಂದಕ್ಕೆ ಹೋಗುವುದು ಹೇಗೆ ಎಂಬ ನಾಲ್ಕು ಪ್ರಶ್ನೆ ಆ ‘ಸುಮ್ನೆ’ಯಲ್ಲಿ ಮುಳುಗಿಹೋಗಿರುತ್ತವೆ. ಅಜ್ಜಿ ಎರಡನೇ ಸಲ ಕೇಳಿದರೆ ‘ಕೊಡಿ ಇಲ್ಲಿ’ ಎಂದು ಫೋನ್ ಕಸಿದುಕೊಂಡು ಮೂರು ಸೆಕೆಂಡಿನಲ್ಲಿ ಮುಗಿಸಿ ವಾಪಸ್ ಕೊಡುತ್ತಾನೆ. ಕೆಲಸವಾಯಿತು, ಪಾಠ ಮಾತ್ರ ಆಗಲಿಲ್ಲ. ನಾಳೆ ಅಜ್ಜಿ ಮತ್ತೆ ಅವನ ಬಾಗಿಲಿಗೇ ಬರಬೇಕು.

ಆದ್ದರಿಂದ ವಿದ್ಯಾರ್ಥಿಗೆ ಕಲಿಸಬೇಕಾದ ಮೊದಲ ವಿದ್ಯೆ ಕೈ ಕಟ್ಟಿಕೊಂಡು ಕೂರುವುದು. ಇದು ಅಲಂಕಾರದ ಮಾತಲ್ಲ, ಅಭ್ಯಾಸವಾಗಿಯೇ ಮಾಡಿಸಬಹುದು. ಇಬ್ಬರು ಹುಡುಗರನ್ನು ಎದುರುಬದುರು ಕೂರಿಸಿ. ಒಬ್ಬನು ಫೋನೇ ನೋಡದವನಂತೆ ನಟಿಸಲಿ. ಇನ್ನೊಬ್ಬ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬರೀ ಬಾಯಿಮಾತಿನಲ್ಲಿ ಅವನಿಂದ ಒಂದು ಫೋಟೊ ಕಳಿಸಿಸಲಿ. ನೋಡಲು ಸಲೀಸು. ಆದರೆ ‘ಆ ಬಾಣದ ಗುರುತು ಒತ್ತು’ ಎಂದಾಗ ಪರದೆಯ ಮೇಲೆ ಮೂರು ಬಾಣಗಳಿರುವುದು ಆಗ ಕಣ್ಣಿಗೆ ಬೀಳುತ್ತದೆ. ‘ಸ್ವೈಪ್ ಮಾಡು’ ಎಂದರೆ ಎದುರಿನವನು ಸುಮ್ಮನೆ ಕೂರುತ್ತಾನೆ. ‘ಪುಸ್ತಕದ ಹಾಳೆ ಮಗುಚುವ ಹಾಗೆ ಬೆರಳು ಎಳೆ’ ಎಂದರೆ ಎಳೆಯುತ್ತಾನೆ. ಕೈ ಕಟ್ಟಿದ ಮೇಲೆ ನಾಲಿಗೆಗೆ ಕೆಲಸ ಬರುತ್ತದೆ, ಅದರ ಹಿಂದೆಯೇ ಬುದ್ಧಿಗೂ.

ಎರಡನೆಯದು ವಯಸ್ಸನ್ನು ಮೈಮೇಲೆ ತಂದುಕೊಂಡು ನೋಡುವುದು. ಅಮೆರಿಕದ ಎಂಐಟಿಯ ಏಜ್‌ಲ್ಯಾಬ್‌ನವರು ಇದಕ್ಕೆಂದೇ ‘ಆಗ್ನೆಸ್’ ಎಂಬ ಒಂದು ಉಡುಪು ಮಾಡಿದ್ದಾರೆ; ತೊಟ್ಟ ತರುಣರಿಗೆ ಕೀಲು ಬಿಗಿದು, ಕಣ್ಣು ಮಂಜಾಗಿ ಎಪ್ಪತ್ತೈದರ ಅನುಭವವಾಗುತ್ತದೆ. ನಮ್ಮ ಕಾಲೇಜುಗಳಿಗೆ ಅಷ್ಟೆಲ್ಲ ಬೇಡ. ಒಂದು ಹಳೆಯ ಕನ್ನಡಕದ ಗಾಜಿಗೆ ಕೊಬ್ಬರಿ ಎಣ್ಣೆ ಸವರಿ ಹಾಕಿಕೊಳ್ಳಲಿ. ಕಿವಿಗೆ ಹತ್ತಿ. ಬಲಗೈಯವರು ಎಡಗೈಯಲ್ಲೇ ಬಳಸಬೇಕು. ಈಗ ‘ನಾಳೆ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ’ ಎಂದು ಟೈಪ್ ಮಾಡಿ ಎಂದರೆ, ಮೊದಲ ಎರಡು ಪದಕ್ಕೇ ಹುಡುಗರು ಕಿರಿಕಿರಿಗೊಳ್ಳುತ್ತಾರೆ. ‘ನಮ್ಮಜ್ಜ ಬೇಕೂಂತ ನಿಧಾನ ಮಾಡೋದಲ್ಲ’ ಎಂಬುದು ಉಪನ್ಯಾಸದಿಂದ ತಲೆಗೆ ಹೋಗುವ ಮಾತಲ್ಲ.

ಮೈಯ ವಿಷಯದಲ್ಲಿ ಒಂದಿಷ್ಟು ವಿಜ್ಞಾನವೂ ಗೊತ್ತಿರಬೇಕು, ಯಾಕೆಂದರೆ ಎಷ್ಟೋ ಹಿರಿಯರು ತಮ್ಮ ದಡ್ಡತನ ಎಂದುಕೊಂಡಿರುವುದು ನಿಜಕ್ಕೂ ಚರ್ಮದ ತಾಪತ್ರಯ. ಸ್ಮಾರ್ಟ್‌ಫೋನಿನ ಪರದೆ ಒತ್ತಡಕ್ಕೆ ಓಗೊಡುವುದಿಲ್ಲ. ಬೆರಳಿನ ಮೂಲಕ ಆಗುವ ಸೂಕ್ಷ್ಮ ವಿದ್ಯುತ್ ಬದಲಾವಣೆಗೆ ಓಗೊಡುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಜೀವಮಾನವಿಡೀ ಗದ್ದೆ, ಒಲೆ, ಸಾಬೂನಿನ ಜೊತೆ ದುಡಿದ ಬೆರಳು ಇನ್ನೂ ಒರಟು. ಅಂಥ ಬೆರಳನ್ನು ಪರದೆ ಗುರುತಿಸದೇ ಹೋಗಬಹುದು. ಆಗ ಹಿರಿಯರು ಏನು ಮಾಡುತ್ತಾರೆ? ಕರೆಗಂಟೆ ಒತ್ತುವ ಹಾಗೆ ಗಟ್ಟಿಯಾಗಿ, ಬಹಳ ಹೊತ್ತು ಒತ್ತುತ್ತಾರೆ.

ಆಮೇಲೆ ಆಗುವುದನ್ನು ಹತ್ತಿರದಿಂದ ನೋಡಬೇಕು. ಅರವತ್ತೆಂಟರ ಒಬ್ಬ ತಾಯಿ ವಾಟ್ಸ್‌ಆ್ಯಪ್‌ನ ಹಸಿರು ಚಿತ್ರದ ಮೇಲೆ ತೋರುಬೆರಳಿನ ತುದಿ, ಅಂದರೆ ಉಗುರಿನ ಕಡೆಯ ಭಾಗ, ಇಡುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ, ಈ ಸಲ ಬೆರಳು ತೆಗೆಯುವುದೇ ಇಲ್ಲ. ಫೋನ್ ಒಮ್ಮೆ ಗುರ್ರೆಂದು, ಚಿತ್ರ ಮೇಲೆದ್ದು ಅಲುಗಾಡಿ, ಪಕ್ಕದಲ್ಲಿ ‘ಅನ್‌ಇನ್‌ಸ್ಟಾಲ್’ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಗಾಬರಿಯಾಗಿ ಬೆರಳು ಸರಿಸುತ್ತಾರೆ. ಚಿತ್ರ ಇನ್ನೊಂದು ಪುಟಕ್ಕೆ ಹೋಗಿ ಕೂರುತ್ತದೆ. ‘ಅಯ್ಯೋ, ಹಾಳಾಯ್ತು ಕಣೋ! ನಂಗ್ಯಾಕಪ್ಪ ಇದೆಲ್ಲ, ನೀನೇ ಮಾಡ್ಕೊಡು’ ಎಂದು ಫೋನ್ ಮುಂದಕ್ಕೆ ಚಾಚುತ್ತಾರೆ. ತರಬೇತಿ ಇಲ್ಲದ ಹುಡುಗ ಈ ಹೊತ್ತಿನಲ್ಲಿ ಫೋನ್ ಇಸಕೊಳ್ಳುತ್ತಾನೆ. ತರಬೇತಿ ಆದವಳು, ಅವಳು ಹುಡುಗಿ ಅಂದುಕೊಳ್ಳೋಣ, ಮೊದಲು ‘ಏನೂ ಹಾಳಾಗಿಲ್ಲ ಅಮ್ಮ, ಅದು ಜಾಗ ಬದಲಾಯಿಸ್ತು ಅಷ್ಟೇ, ಹುಡುಕೋಣ ಬನ್ನಿ’ ಎನ್ನುತ್ತಾಳೆ. ಬೆರಳಿನ ತುದಿ ಬಿಟ್ಟು, ಕುಂಕುಮ ಇಡುವಾಗ ತಾಗುವ ಮೆತ್ತನೆಯ ಭಾಗದಿಂದ ಮುಟ್ಟಿಸುತ್ತಾಳೆ. ಆಮೇಲೆ, ಅವರ ಒಪ್ಪಿಗೆ ಪಡೆದು, ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ವಿಭಾಗಕ್ಕೆ ಅವರ ಕೈಯಲ್ಲೇ ಹೋಗಿಸಿ, ಎಷ್ಟು ಹೊತ್ತು ಒತ್ತಿದರೆ ‘ಒತ್ತಿ ಹಿಡಿದದ್ದು’ ಎಂದು ಲೆಕ್ಕ ಎಂಬುದನ್ನು ‘ದೀರ್ಘ’ಕ್ಕೆ ಬದಲಾಯಿಸುತ್ತಾಳೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಸೌಲಭ್ಯ ಆಗಲೇ ಇದೆ. ಮೊಮ್ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಹೊಳೆಯುತ್ತದೆ. ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗಟ್ಟುವುದರಿಂದ ನೀಲಿ, ಹಸಿರುಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ ಎಂಬುದು ಹೊಳೆಯುವುದಿಲ್ಲ. ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು; ಆದ್ದರಿಂದ ಕಿರುಚಿದರೆ ಪ್ರಯೋಜನವಿಲ್ಲ, ಎದುರಿಗೆ ಕೂತು ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಬೇಕು. ಹೊಸದನ್ನು ಕಲಿಯಲು ಹಿರಿಯರಿಗೆ ಎಳೆಯರ ಒಂದೂವರೆ, ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಒಂದು ಕೂರಿಕೆಗೆ ಒಂದೇ ಕೆಲಸ ಕಲಿಸಿ, ಅವರೇ ಎರಡು ಮೂರು ಸಲ ಮಾಡಿದ ಮೇಲೆ, ಅವರದೇ ನೋಟ್‌ಬುಕ್ಕಿನಲ್ಲಿ ಅವರದೇ ಅಕ್ಷರದಲ್ಲಿ ಮೆಟ್ಟಿಲುಗಳನ್ನು ಬರೆಸಬೇಕು. ಅಚ್ಚು ಹಾಕಿಸಿದ ಚಂದದ ಕೈಪಿಡಿಗಿಂತ ‘ಹಸಿರು ಚಿತ್ರ — ರಮೇಶ — ಕ್ಯಾಮೆರಾ — ಬಾಣ’ ಎಂಬ ನಾಲ್ಕು ಮೆಟ್ಟಿಲಿನ ಚೀಟಿ ಹೆಚ್ಚು ಬಾಳುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ಈ ಎಳೆಯ ಮೇಷ್ಟ್ರೇ ಫೇಲಾಗುತ್ತಾರೆ. ಇವತ್ತಿನ ಕಾಲೇಜು ಹುಡುಗರಲ್ಲಿ ಬಹುಪಾಲು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು. ದಿನಾ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ, ಸುಂದರವಾಗಿ ಕನ್ನಡ ಬರೆಯುವ ನಿವೃತ್ತ ಮೇಷ್ಟ್ರು ಮೊಮ್ಮಗನ ಮೆಸೇಜ್ ಓದಲಾಗದೆ ತಡಕಾಡುವುದು ಇದರಿಂದ. ಅಲ್ಲಿ ಓದು ಬಾರದವರು ಯಾರು ಎಂಬುದೇ ಗೊಂದಲ. ಕಲಿಸಲು ಹೊರಟ ವಿದ್ಯಾರ್ಥಿ ಮೊದಲು ತನ್ನ ಫೋನಿಗೆ ಕನ್ನಡ ಕೀಲಿಮಣೆ ಹಾಕಿಕೊಂಡು, ಒತ್ತಕ್ಷರ ಮೂಡಿಸುವುದು ಕಲಿತು, ಒಂದು ವಾರ ಮನೆಯವರಿಗೆಲ್ಲ ಕನ್ನಡ ಲಿಪಿಯಲ್ಲೇ ಬರೆಯಬೇಕು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಯಾವ ಪಟ್ಟಿ ಎಲ್ಲಿ ಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಓದುಬರಹ ಇಲ್ಲದವರಿಗೆ ಇನ್ನೊಂದು ಬಾಗಿಲಿದೆ: 2017ರಿಂದ ಗೂಗಲ್ ಕನ್ನಡದ ಮಾತನ್ನೂ ಅಕ್ಷರಕ್ಕಿಳಿಸುತ್ತಿದೆ. ಮೈಕಿನ ಗುರುತು ಒತ್ತಿ ‘ಇವತ್ತಿನ ಅಡಿಕೆ ಧಾರಣೆ’ ಎಂದು ಕೇಳಿದ ರೈತ, ತನ್ನ ಮಾತು ಅಕ್ಷರವಾಗಿ ಪರದೆ ಮೇಲೆ ಹರಿಯುವುದನ್ನು ಕಂಡ ಮೇಲೆ ‘ನಂಗ್ಯಾಕಪ್ಪ’ ಎನ್ನುವುದಿಲ್ಲ. ಗಂಗಾವತಿಯಲ್ಲೋ ಸಾಗರದಲ್ಲೋ ಇರುವ ತಾಯಿಗೆ ನ್ಯೂಜೆರ್ಸಿಯ ಮಗಳ ಮುಖ ಕಂಡರೆ ಸಾಕಲ್ಲ, ಅಲ್ಲಿಂದ ಪಾಠ ತಾನೇ ಮುಂದೆ ಹೋಗುತ್ತದೆ. ಹಿರಿಯರಿಗೆ ಬೇಕಾದದ್ದರಿಂದ ಶುರು ಮಾಡಬೇಕು. ‘ಇದು ಮೌಸ್, ಇದು ಮಾನಿಟರ್’ ಎಂಬ ಹಳೆಯ ಕ್ರಮವನ್ನು ಇನ್ನಾದರೂ ಕೈಬಿಡಬೇಕು.

ದುಡ್ಡಿನ ವಿಷಯ ಬೇರೆ. ಅಲ್ಲಿ ಮೃದುವಾಗಿರುವಂತಿಲ್ಲ. ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಕಲಿಸಬೇಕಾದ ಒಂದು ರೂಢಿಯಿದೆ: ಹಿರಿಯರು ಪಿನ್ ಒತ್ತುವಾಗ ನೀನು ಮುಖ ತಿರುಗಿಸು, ಅವರು ತಾವಾಗಿ ಹೇಳಲು ಬಂದರೂ ‘ಹೇಳಬೇಡಿ’ ಎನ್ನು. ನಮ್ಮ ಹಳ್ಳಿಗಳಲ್ಲಿ ಎಟಿಎಂ ಕಾರ್ಡಿನ ಹಿಂದೆಯೇ ಪಿನ್ ಬರೆದಿಡುವುದು, ಅಂಗಡಿಯವರಿಗೇ ಫೋನ್ ಕೊಟ್ಟು ‘ನೀವೇ ಹಾಕ್ಕೊಳ್ಳಿ’ ಎನ್ನುವುದು ನಂಬಿಕೆಯಿಂದ ನಡೆದುಬಂದಿದೆ. ಪಿನ್ ಯಾರೂ ನೋಡಬಾರದು ಎಂದು ನೂರು ಸಲ ಬಾಯಲ್ಲಿ ಹೇಳುವುದಕ್ಕಿಂತ, ಕಲಿಸುವ ಹುಡುಗನೇ ಪ್ರತಿ ಸಲ ಮುಖ ತಿರುಗಿಸುವುದು ಹೆಚ್ಚು ನಾಟುತ್ತದೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು ಮಾತ್ರ, ಪಡೆಯಲು ಯಾವತ್ತೂ ಬೇಡ. ಈ ಒಂದು ವಾಕ್ಯ ಬಾಯಿಪಾಠವಾದರೆ ಎಷ್ಟೋ ಮೋಸ ಬಾಗಿಲಲ್ಲೇ ನಿಲ್ಲುತ್ತದೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸ್ ವೇಷದವನು ವಿಡಿಯೊ ಕಾಲ್‌ನಲ್ಲಿ ಹೆದರಿಸಿದರೆ ಕಾಲ್ ಕಟ್ ಮಾಡುವುದೇ ಸರಿ. ಅದನ್ನು ನಾಟಕ ಕಟ್ಟಿ ಅಭ್ಯಾಸ ಮಾಡಿಸಬಹುದು. ಹುಡುಗನೊಬ್ಬ ದಪ್ಪ ದನಿಯಲ್ಲಿ ‘ನಿಮ್ಮ ಹೆಸರಲ್ಲಿ ಪಾರ್ಸೆಲ್ ಬಂದಿದೆ’ ಎಂದು ಗದರಲಿ, ಅಜ್ಜ ಕೆಂಪು ಗುಂಡಿ ಒತ್ತಲಿ. ನಗುತ್ತ ಮಾಡಿದ ಅಭ್ಯಾಸ ಹೆದರಿಕೆಯ ಹೊತ್ತಿಗೆ ಕೈಗೆ ಬರುತ್ತದೆ. ದುಡ್ಡು ಹೋಗಿಯೇಬಿಟ್ಟರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಆ ನಂಬರ್ ಫೋನಿನಲ್ಲಿ ಸೇವ್ ಆಗದೆ ಮೊದಲ ಪಾಠ ಮುಗಿಯಕೂಡದು.

ಡಿಜಿಟಲ್ ಕಲಿಕೆಗೆ ಸರ್ಕಾರದ ಯೋಜನೆಯೇ ಇರಲಿಲ್ಲವೇ? ಇತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರ ಒಪ್ಪಿದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ, ಪಿಎಂಜಿದಿಶಾ, ಆರು ಕೋಟಿ ಜನರಿಗೆ ಕಲಿಸುವ ಗುರಿ ಇಟ್ಟುಕೊಂಡಿತ್ತು. 2024ರ ಮಾರ್ಚ್ 31ಕ್ಕೆ ಮುಗಿಯುವಾಗ 6.39 ಕೋಟಿ ಜನ ತರಬೇತಿ ಪಡೆದಿದ್ದರು. ದೊಡ್ಡ ಕೆಲಸವೇ. ಆದರೆ ಅದರ ಒಂದು ನಿಯಮ ನೋಡಿ: ಮನೆಗೆ ಒಬ್ಬರು, ವಯಸ್ಸು 14ರಿಂದ 60. ಅರವತ್ತು ದಾಟಿದವರು ಅರ್ಹರೇ ಅಲ್ಲ! ಮನೆಗೊಬ್ಬರು ಎಂದರೆ ಯಾರು ಹೋಗುತ್ತಾರೆ ಎಂದು ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ, ಹೋಗುವುದು ಮಗ. ಅವನು ಬಂದು ಅಪ್ಪನಿಗೆ ಕಲಿಸುತ್ತಾನೆ ಎಂಬ ನಂಬಿಕೆ ಆ ನಿಯಮದ ಹಿಂದೆ ಇದ್ದಿರಬಹುದು. ಆದರೆ ಅಪ್ಪನಿಗೆ ಕಲಿಸುವುದು ಹೇಗೆಂದು ಮಗನಿಗೆ ಹೇಳಿಕೊಡುವ ಪಾಠ ಪಠ್ಯದಲ್ಲಿ ಇರಲಿಲ್ಲ.

ಕೇರಳ ಇಲ್ಲಿ ಬೇರೆ ದಾರಿ ಹಿಡಿಯಿತು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಗ್ರಾಮ ಪಂಚಾಯಿತಿಯಲ್ಲಿ ಉದ್ಯೋಗ ಖಾತರಿ ಕೂಲಿಗಾರರು, ಕೂಲಿ ಜಮಾ ಆಯಿತೋ ಇಲ್ಲವೋ ನೋಡಲು ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಿದ್ದರು. ಅದನ್ನು ಕಂಡು ಶುರುವಾದ ಸ್ಥಳೀಯ ಪ್ರಯತ್ನದಿಂದ 2022ರ ಸೆಪ್ಟೆಂಬರ್‌ನಲ್ಲಿ ಪುಲ್ಲಂಪಾರ ಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎನಿಸಿಕೊಂಡಿತು. ಅದೇ ಬೆಳೆದು ‘ಡಿಜಿ ಕೇರಳಂ’ ಆಯಿತು. 83 ಲಕ್ಷಕ್ಕೂ ಹೆಚ್ಚು ಮನೆಗಳ ಸಮೀಕ್ಷೆ, ಫೋನ್ ಬಳಸಲು ಬಾರದವರೆಂದು ಗುರುತಿಸಿದ ಸುಮಾರು 21.88 ಲಕ್ಷ ಜನ, ಕಲಿಸಲು ಎರಡೂವರೆ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು. ಆ ಪೈಕಿ ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಮಹಿಳೆಯರೂ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ವಿದ್ಯಾರ್ಥಿಗಳೂ ಇದ್ದರು. ವಯಸ್ಸಿಗೆ ಮೇಲ್ಮಿತಿ ಇರಲಿಲ್ಲ. ತೊಂಬತ್ತು ದಾಟಿದವರೇ ಹದಿನೈದು ಸಾವಿರಕ್ಕೂ ಹೆಚ್ಚು. ಪಾಠ ನಡೆದದ್ದು ಕೂಲಿಯ ಜಾಗದಲ್ಲಿ, ಮನೆಯ ಜಗಲಿಯಲ್ಲಿ. 2025ರ ಆಗಸ್ಟ್ 21ರಂದು ಇಡೀ ರಾಜ್ಯವನ್ನು ಡಿಜಿಟಲ್ ಸಾಕ್ಷರ ಎಂದು ಘೋಷಿಸಲಾಯಿತು.

ಕಲಿತವರಲ್ಲಿ ಬಹುತೇಕ ಎಲ್ಲರೂ ಪಾಸು ಎಂಬ ಅಂಕಿ ಕೇಳಿದರೆ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಅನುಮಾನ. ಒಂದು ದಿನ ವಿಡಿಯೊ ಕಾಲ್ ಮಾಡಿ ತೋರಿಸಿದವರು ಆರು ತಿಂಗಳ ಮೇಲೆ, ಆ್ಯಪ್ ತನ್ನ ಮುಖವನ್ನೇ ಬದಲಿಸಿಕೊಂಡ ಮೇಲೆ, ಮತ್ತೆ ಮಾಡುತ್ತಾರೆಯೇ? ಘೋಷಣೆಯ ದಿನದ ಪಟ್ಟಿ ಅದನ್ನು ಹೇಳುವುದಿಲ್ಲ. ಈ ವಿದ್ಯೆ ಒಮ್ಮೆ ಕಲಿತು ಮುಗಿಯುವಂಥದ್ದಲ್ಲವಾದ್ದರಿಂದಲೇ ಊರಲ್ಲೇ ಸಿಗುವ, ಪ್ರತಿವರ್ಷ ಹೊಸಬರು ಬಂದು ಸೇರುವ ಮೇಷ್ಟ್ರು ಬೇಕು. ಅಂಥವರು ಶಾಲೆ, ಕಾಲೇಜುಗಳಲ್ಲಲ್ಲದೆ ಇನ್ನೆಲ್ಲಿ ಸಿಗುತ್ತಾರೆ?

ನಮ್ಮಲ್ಲಿ ಸಾಮಾನು ಸಿದ್ಧವಿದೆ, ಜೋಡಿಸಬೇಕಷ್ಟೆ. 1969ರಿಂದ ಇರುವ ಎನ್‌ಎಸ್‌ಎಸ್‌ನಲ್ಲಿ ಪ್ರತಿ ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿಗೆ 100 ಚಟುವಟಿಕೆ ಅಂಕ ಗಳಿಸಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಎಷ್ಟೋ ಕಡೆ ಕಂಪ್ಯೂಟರ್ ಇಟ್ಟುಕೊಂಡು ಕೂತಿವೆ. ಕಲಿಯುವವರಿಗೆ ಅಗತ್ಯವೂ ಕಣ್ಣೆದುರೇ ಇದೆ: ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ನೋಡಬೇಕು, ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ಗೆ 2021ರಿಂದ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಸಾಕು, ಬೆರಳಚ್ಚು ಸವೆದವರು ಬ್ಯಾಂಕಿನ ಯಂತ್ರದ ಮುಂದೆ ಹೆಬ್ಬೆಟ್ಟು ಒತ್ತಿ ಒತ್ತಿ ಸೋಲಬೇಕಿಲ್ಲ.

ಈ ವರ್ಷದ ಶಿಬಿರದ ಯೋಜನೆ ಬರೆಯುತ್ತಿರುವ ಎನ್‌ಎಸ್‌ಎಸ್ ಅಧಿಕಾರಿಗಳಲ್ಲಿ ಒಂದು ಕೋರಿಕೆ. ರಸ್ತೆ ಬದಿಯ ಗಿಡ ಕಡಿಯುವುದಕ್ಕೂ ಜಾಥಾಕ್ಕೂ ಇಟ್ಟ ದಿನಗಳಲ್ಲಿ ಎರಡನ್ನು ಹಿರಿಯರ ಫೋನಿಗೆ ಕೊಡಿ. ಆ ಎರಡು ದಿನಕ್ಕೆ ಮೊದಲು, ಕಾಲೇಜಿನಲ್ಲೇ, ಹುಡುಗರಿಗೆ ಇನ್ನೆರಡು ದಿನ ತರಬೇತಿ ಕೊಡಿ: ಎಣ್ಣೆ ಸವರಿದ ಕನ್ನಡಕ ಹಾಕಿಸಿ, ಕೈ ಬೆನ್ನ ಹಿಂದೆ ಕಟ್ಟಿಸಿ, ಕನ್ನಡ ಟೈಪ್ ಮಾಡಿಸಿ. ಶಿಬಿರ ಮುಗಿದ ಮೇಲೂ ತಿಂಗಳಿಗೊಂದು ಶನಿವಾರ ಅದೇ ಊರಿನ ಅರಿವು ಕೇಂದ್ರಕ್ಕೆ ನಾಲ್ವರನ್ನು ಕಳಿಸಿ, ಬಸ್ ಚಾರ್ಜು ಕಾಲೇಜೇ ಕೊಡಲಿ.